ಧಕ್ಕೆಯ ಮೇಲೆ ಕೂತು ವಯರ್‌ಲೆಸ್ ಕೂರಿಸಿದವಳು

ಗಂಗೊಳ್ಳಿಯ ಚಂದ್ರಮತಿಯ ವಿಷಯ ಹೇಳಲೇಬೇಕು. ಹದಿನೈದು ವರ್ಷದಿಂದ ಅವಳು ಇಲ್ಲಿನ ಮೀನುಗಾರಿಕೆ ಬೋಟುಗಳಿಗೆ ವಯರ್‌ಲೆಸ್ ಸೆಟ್ ಕೂರಿಸುತ್ತಿದ್ದಾಳೆ. ಕಡಲಲ್ಲಿ ಸಿಕ್ಕಿಬಿದ್ದವರು ಆ ಸೆಟ್ಟಿನಲ್ಲಿ ಕೂಗಿ ಕರೆದು ಜೀವ ಉಳಿಸಿಕೊಂಡಿದ್ದಾರೆ. ಆದರೆ ಮೊದಲಿನ ಒಂಬತ್ತು ವರ್ಷ ಅವಳ ಕಾಲು ಒಂದು ಬೋಟಿನ ಹಲಗೆಗೂ ತಾಗಲು ಬಿಡಲಿಲ್ಲ. ಹೆಂಗಸು ಹತ್ತಿದರೆ ಬೋಟಿಗೆ ಮೀನು ಬೀಳುವುದಿಲ್ಲವಂತೆ. ಅವಳು ಬೆಸುಗೆ ಹಾಕಿದ ವಯರು ಆಗುತ್ತದೆ, ಅವಳ ಪಾದ ಆಗುವುದಿಲ್ಲ. ಇದನ್ನು ಕೇಳಿ ಸುಮ್ಮನಿರುವುದು ಹೇಗೆ?

ಚಂದ್ರಮತಿ ಹದಿನೇಳನೇ ವಯಸ್ಸಿಗೆ ಚಿಕ್ಕಮ್ಮನ ಸಂಗಡ ಮುಂಬೈಗೆ ಹೋದವಳು. ಹೋದದ್ದು ಸಿಗಡಿ ಸುಲಿಯುವ ಕೆಲಸಕ್ಕೆ. ಬಂದರದ ಹತ್ತಿರ ಒಬ್ಬ ಮರಾಠಿ ಮುದುಕ ವಯರ್‌ಲೆಸ್ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ಕಣ್ಣು ಮಂದ, ಸಣ್ಣ ಬೆಸುಗೆ ಹಾಕಲು ಒಂದು ಗಟ್ಟಿ ಕೈ ಬೇಕಿತ್ತು. ಇವಳ ಕೈ ನಡುಗುವುದಿಲ್ಲ ಎಂದು ಕಂಡವನೇ ಕರೆದು ಕೂರಿಸಿಕೊಂಡ. ಹನ್ನೊಂದು ವರ್ಷ ಅವನ ಹತ್ತಿರ ಕಲಿತಳು. ಅಲ್ಲಿ ಅವಳು ಹಡಗು ಎಳೆಯುವ ಟಗ್ಗು ಹತ್ತಿದ್ದಾಳೆ, ಅದರ ಕಂಬ ಹತ್ತಿ ಏರಿಯಲ್ ಕಟ್ಟಿದ್ದಾಳೆ. ಯಾರೂ ಬೇಡ ಅನ್ನಲಿಲ್ಲ. ಮುದುಕ ತೀರಿಹೋದ ಮೇಲೆ, ೧೯೯೭ರಲ್ಲಿ, ಬೆಸುಗೆ ಕಡ್ಡಿ, ಒಂದು ಮೀಟರು, ಎರಡು ಹಳೇ ಸೆಟ್ಟು ಹಿಡಿದುಕೊಂಡು ಊರಿಗೆ ಬಂದಳು. ಐಸ್ ಪ್ಲಾಂಟಿನ ಹಿಂದೆ ತಗಡಿನ ಮಾಡಿನ ಒಂದು ಕೋಣೆ ಹಿಡಿದಳು.

ಹುಟ್ಟಿದ ಊರು ಅವಳಿಗೆ ಧಕ್ಕೆಯ, ಬೋಟು ಕಟ್ಟುವ ಕಟ್ಟೆಯ, ಅಂಚಿನಲ್ಲೇ ಗೆರೆ ಎಳೆಯಿತು.

ಅದಕ್ಕೆ ಅವಳು ಒಂದು ದಾರಿ ಮಾಡಿಕೊಂಡಳು. ತಾನು ಧಕ್ಕೆಯ ಮೇಲೆ ಮೀನಿನ ಬುಟ್ಟಿ ಕವುಚಿ ಹಾಕಿ ಕೂರುವುದು, ಬೋಟಿನ ಕೆಲಸದವನೊಬ್ಬ ಮೇಲೆ ನಿಂತು ಅವಳು ಹೇಳಿದ ಹಾಗೆ ಜೋಡಿಸುವುದು. ಗೋವರ್ಧನ ಎಂಬ ಧಣಿಯ ಟ್ರಾಲ್ ಬೋಟಿಗೆ ೨೦೦೬ರ ಜುಲೈ ಕೊನೆಯಲ್ಲಿ ಹೊಸ ಸೆಟ್ ಕೂರಿಸಿದ್ದೂ ಹಾಗೇ. ಮಳೆಗಾಲದ ರಜೆ ಮುಗಿದು ಬೋಟುಗಳು ಪೂಜೆ ಮಾಡಿಸಿಕೊಂಡು ಕಡಲಿಗೆ ಇಳಿಯಲು ವಾರವಿತ್ತು. ಮೇಲೆ ನಿಂತವನು ಪದ್ದು. ಯಡ್ತರೆಯವನು, ನಲವತ್ತು ದಾಟಿದವನು, ಆ ಬೋಟಿನಲ್ಲಿ ಬಲೆ ಎಳೆಯುವವನು.

"ಪದ್ದು, ಕೆಂಪು ವಯರ್ ಸೀದಾ ಬ್ಯಾಟ್ರಿಗೇ ಹೋಯ್ಕ್. ಲೈಟಿನ ವಯರಿಂದ ಎಳೂಕಾಗ."

"ಲೈಟಿಂದ್ ಇಲ್ಲೇ ಹತ್ರ ಇತ್ತಲೆ ಹೆಣೆ."

"ಹತ್ರ ಇದ್ದದ್ದೆಲ್ಲ ಬಾಯಿಗ್ ಹಾಕ್ತ್ಯಾ ನೀನ್? ಬ್ಯಾಟ್ರಿಗ್ ಕಟ್ಟ್. ಫ್ಯೂಸ್ ಎರಡ್ ಇತ್ತ್, ಕೆಂಪಿಗ್ ಒಂದ್, ಕಪ್ಪಿಗ್ ಒಂದ್. ಎರಡೂ ಬ್ಯಾಟ್ರಿ ಬುಡದಲ್ಲೇ ಇರ್ಕ್. ಫ್ಯೂಸ್ ಹೋಯ್ತ್ ಅಂತ ಸಿಗ್ರೇಟ್ ಪ್ಯಾಕಿನ ಬೆಳ್ಳಿ ಕಾಗ್ದ ಸುತ್ತಿರೆ, ಕಾಣ್ ಮತ್ತೆ. ಬೋಟೇ ಸುಟ್ಟ್ ಹೋತ್."

"ನಾನ್ ಬೀಡಿ ಎಳ್ವವ ಮಾರಾಯ್ತಿ. ಸಿಗ್ರೇಟ್ ಧಣಿದ್."

ಧಕ್ಕೆಯಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ವಯರು ಎಂಜಿನ್ನಿನ ಹೊಗೆ ಕೊಳವೆಗೆ ತಾಗದಂತೆ ಸುತ್ತು ಹಾಕಿಸಿದಳು. ಒಳಗೆ ಹೋಗುವ ತೂತಿನ ಮುಂಚೆ ಒಂದು ಗೇಣು ಕೆಳಗೆ ಜೋಲುಬಿಡಿಸಿದಳು, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ, ಸೆಟ್ಟಿಗೆ ಇಳಿಯದಿರಲಿ ಎಂದು. ಏರಿಯಲ್ ಎಂದರೆ ಆಳೆತ್ತರದ ಬಿಳಿ ಫೈಬರ್ ಕೋಲು. ಅದನ್ನು ಕಬ್ಬಿಣದ ಕಂಬದಿಂದ ದೂರ, ಚುಕ್ಕಾಣಿ ಕೋಣೆಯ ಮಾಡಿನ ಮೇಲೆ ಪದ್ದುವಿನ ಕೈಯಿಂದ ನಿಲ್ಲಿಸಿದಳು.

"ಕೋಲ್ ಸಿಕ್ಕ್ಸದೆ ಮೈಕಿನ ಗುಂಡಿ ಒತ್ತೂಕಾಗ. ಮಾತಾಡ್ವತಿಗೆ ಕೋಲಿನ ಹತ್ರ ಯಾರೂ ಕೂಕಂಬ್ಕಾಗ, ಬಟ್ಟಿ ಒಣಗ್ಸೂಕಾಗ. ಮತ್ತೆ, ಇದ್ ದೊಡ್ಡದ್, ಕೇಂತಾ ಪದ್ದು? ಕೋಲಿಗೆ ಪೇಂಟ್ ತಾಗ್ಸೂಕಾಗ."

"ಆಯ್ತ್ ಮಾರಾಯ್ತಿ. ಶಾಲಿಗ್ ಹೋಪತಿಗೂ ಇಷ್ಟ್ ಬೈಗಳ ತಿನ್ಲಿಲ್ಲ ನಾನ್."

ಎಂಜಿನ್ ಶುರು ಮಾಡಿಸಿ, ಐಸ್ ಪ್ಲಾಂಟಿನ ಗುಮಾಸ್ತ ಸುಧಾಕರನ ಸೆಟ್ಟಿಗೆ ಮಾತಾಡಿಸಿ ನೋಡಿದಳು. ತ್ರಾಸಿಯ ಒಂದು ಬೋಟಿಗೂ ಮಾತಾಡಿಸಿದಳು. ಎರಡೂ ಕಡೆ ಗಂಟೆ ಹೊಡೆದ ಹಾಗೆ ಕೇಳಿತು. ದಿನಾ ಬೆಳಿಗ್ಗೆ ಹೀಗೆ ಯಾರನ್ನಾದರೂ ಕರೆದು, ಅವರು ಉತ್ತರ ಕೊಟ್ಟ ಮೇಲೇ ಹೊಳೆ ಕಡಲು ಸೇರುವ ಅಳಿವೆ ದಾಟಬೇಕು ಎಂದು ತಾಂಡೇಲ ಕುಷ್ಟನಿಗೆ ಹೇಳಿದಳು. ಬೋಟು ನಡೆಸುವ ಜವಾಬ್ದಾರಿ ಕುಷ್ಟನದ್ದು. ಅವನು ಹ್ಞೂಂ ಅಂದ.

ಸೀಸನ್ನಿನ ಎರಡನೇ ವಾರ. ಬೈಂದೂರಿನಿಂದಾಚೆ, ದಡ ಕಾಣದಷ್ಟು ದೂರದಲ್ಲಿ ಬಲೆಯ ಹಗ್ಗ ಬೋಟಿನಡಿ ನೀರಲ್ಲಿ ತಿರುಗುವ ಫ್ಯಾನಿಗೆ ಸುತ್ತಿ ಎಂಜಿನ್ ನಿಂತಿತು. ಬಿಡಿಸಲು ಹೋದ ಪದ್ದುವಿನ ಬಲಗೈ ಹಗ್ಗಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿತು. ಎರಡು ಬೆರಳು ಜಜ್ಜಿಹೋದವು. ಆಗ ಬೆಳಿಗ್ಗೆ ಎಂಟು ಗಂಟೆ.

ಕುಷ್ಟ ಮೈಕು ಹಿಡಿದು ಕೂಗಿದ. ಕೂಗಿಯೇ ಕೂಗಿದ. ಸೆಟ್ಟಿನಲ್ಲಿ ಬೇರೆ ಬೋಟಿನವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಒಬ್ಬ ಬಂಗುಡೆ ಬಿದ್ದದ್ದು ಹೇಳುತ್ತಿದ್ದ, ಇನ್ನೊಬ್ಬ ಭಾವನಿಗೆ ತಮಾಷೆ ಮಾಡುತ್ತಿದ್ದ. ಎಲ್ಲರ ಮಾತೂ ಇವರಿಗೆ ಕೇಳುತ್ತಿತ್ತು, ಇವರ ಕೂಗು ಮಾತ್ರ ಯಾರಿಗೂ ಮುಟ್ಟಲಿಲ್ಲ. ಹತ್ತು ನಿಮಿಷದ ದಾರಿಯಲ್ಲೇ ಒಂದು ಬೋಟಿತ್ತಂತೆ, ಆಮೇಲೆ ಗೊತ್ತಾದದ್ದು. ಸಂಜೆ ನಾಲ್ಕಕ್ಕೆ ಯಾರೋ ಇವರು ಬೀಸಿದ ಲುಂಗಿ ಕಂಡು ಬಂದು ಎಳೆದುಕೊಂಡು ಬಂದರು. ಕುಂದಾಪುರದ ಆಸ್ಪತ್ರೆಯಲ್ಲಿ ಪದ್ದುವಿನ ಎರಡು ಬೆರಳು ತೆಗೆದರು. ಬೆಳಿಗ್ಗೆಯೇ ತಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದರು ಡಾಕ್ಟರು.

ಮರುದಿನ ಗೋವರ್ಧನ ಆ ಸೆಟ್ಟನ್ನು ತಂದು ಚಂದ್ರಮತಿಯ ಕೋಣೆಯ ಮುಂದೆ ನೆಲಕ್ಕೆ ಒಗೆದ. ಅವನದ್ದು ಸದಾ ಇಸ್ತ್ರಿ ಅಂಗಿ, ಮಾತೂ ಹಾಗೆಯೇ ಮಡಿಕೆ ಮುರಿಯದ್ದು. ಅವತ್ತು ಮಾತ್ರ ಧಕ್ಕೆಗೆಲ್ಲ ಕೇಳುವ ಹಾಗೆ ಕಿರುಚಿದ.

"ಕಾಣಿ, ಇವ್ಳ್ ಕೊಟ್ಟದ್ದ್ ಕೊಳ್ತ್ ಹೋದ್ ಸೆಟ್! ಹೆಂಗ್ಸ್ರ ಕೈಯಂಗೆ ಕೆಲ್ಸ ಕೊಟ್ಟದ್ದಕ್ಕೆ ನಂಗ್ ಬುದ್ಧಿ ಬಂತ್!"

ಮಧ್ಯಾಹ್ನದೊಳಗೆ ಊರೆಲ್ಲ ಅದೇ ಮಾತು. ಕೂರಿಸಲು ಹೇಳಿ ಹೋಗಿದ್ದ ಇಬ್ಬರು ಧಣಿಗಳು ಬೇಡ ಎಂದು ಆಳು ಕಳಿಸಿದರು. ಒಂಬತ್ತು ವರ್ಷ ಬಿಸಿಲಲ್ಲಿ ಬುಟ್ಟಿಯ ಮೇಲೆ ಕೂತು ಗಳಿಸಿದ ಹೆಸರು ಅರ್ಧ ದಿನದಲ್ಲಿ ಹೋಯಿತು.

ಚಂದ್ರಮತಿ ಅಳುತ್ತಾ ಕೂರಲಿಲ್ಲ. ಸೆಟ್ಟು ಬಿಚ್ಚಿದಳು. ದನಿ ಹೊರಗೆ ಕಳಿಸುವ ಭಾಗ ಸುಟ್ಟು ಕಪ್ಪಾಗಿತ್ತು. ಉಳಿದದ್ದೆಲ್ಲ ಸರಿ ಇತ್ತು. ಆ ಭಾಗ ಸುಮ್ಮನೆ ಸುಡುವುದಿಲ್ಲ. ಸೆಟ್ಟು ಕಳಿಸಿದ ಶಕ್ತಿ ಕೋಲಿನಿಂದ ಹೊರಗೆ ಹೋಗದೆ ತಿರುಗಿ ಬಂದರೆ ಹೀಗೆ ಸುಡುತ್ತದೆ. ಅಂದರೆ ಕೇಡು ಇದ್ದದ್ದು ಮೇಲೆ, ಕೋಲಿನಲ್ಲಿ.

ಅವಳು ಹೋಗಿ ಕೇಳಿದಳು. "ಧಣಿ, ಆ ಕೋಲೊಂದ್ ಇಳ್ಸಿ ಕೊಡಿ. ಕಂಡ್ ಕೊಡ್ತೆ."

"ಪೂಜೆ ಆದ್ ಬೋಟಿಂದ ಒಂದ್ ಮೊಳೆನೂ ಬಿಚ್ಚೂಕಾಗ."

"ಹಾಂಗಾರ್ ನಾನೇ ಹತ್ತಿ ಕಾಂತೆ."

"ಹತ್ತ್ ಕಾಂಬ!" ಎಂದು ಬೆದರಿಸಿದ ಗೋವರ್ಧನ. ಮೂರು ದಿನ ಹೋಗಿ ಕೇಳಿದಳು. ಮೂರು ದಿನವೂ ಅದೇ ಉತ್ತರ. ಅಷ್ಟರಲ್ಲಿ ಅವನು ಬೇರೆ ಕಡೆಯಿಂದ ಹೊಸ ಸೆಟ್ ತರಿಸಿ, ಹಳೇ ಕೋಲಿಗೇ ಸಿಕ್ಕಿಸಿದ. ಫ್ಯಾನು ಸರಿ ಮಾಡಲು ಆಚೆ ದಡಕ್ಕೆ ಒಯ್ದಿದ್ದ ಬೋಟು ಸಿದ್ಧವಾಗಿತ್ತು. ನಾಲ್ಕನೇ ದಿನ ಮಧ್ಯಾಹ್ನ ಬೋಟು ಹೊರಡುವುದೆಂದಾಯಿತು. ಕುಷ್ಟನೂ ಉಳಿದ ಐದು ಜನರೂ ಅದೇ ಮೂಕ ಕೋಲಿನ ಅಡಿಯಲ್ಲಿ ಮತ್ತೆ ಕಡಲಿಗೆ ಹೋಗುವವರು.

ಅವತ್ತು ಬೆಳಿಗ್ಗೆ ಪದ್ದು ಬಸ್ಸಿಳಿದು ಬಂದ. ಕೈಗೆ ತೆಂಗಿನಕಾಯಿಯಷ್ಟು ದೊಡ್ಡ ಬ್ಯಾಂಡೇಜು.

"ಪದ್ದು, ಸತ್ಯ ಹೇಳ್. ಕೋಲ್ ಎಂತ ಬಣ್ಣ ಇತ್ತ್?"

ಅವನು ನೆಲ ನೋಡಿದ. "ಬೆಳ್ಳಿ."

"ಬೆಳ್ಳಿಯಾ? ನಾನ್ ಕೊಟ್ಟದ್ದ್ ಬಿಳಿದಲ್ದಾ?"

"ಪೂಜೆ ಹಿಂದಿನ್ ದಿನ ಧಣಿ ಪೇಂಟಿನವ್ರಿಗ್ ಹೇಳಿರ್, ಬೋಟಲ್ಲಿ ಎದ್ದ್ ನಿಂತದ್ದೆಲ್ಲ ಹೊಳೀಕ್ ಅಂತ. ಕಂಬಕ್ಕೆ ಹೊಡ್ದ ಬೆಳ್ಳಿ ಪೇಂಟೇ ಕೋಲಿಗೂ ಹೊಡ್ದ್ರ್, ಮೂರ್ ಕೈ. ನೀನ್ ಹೇಳಿದ್ದ್ ನಂಗ್ ನೆನ್ಪಿತ್ತ್ ಹೆಣೆ. ಹೇಳ್ರೆ ಧಣಿ ಸಿಟ್ಟ್ ಮಾಡ್ತ್ರ್ ಅಂತ ಬಾಯ್ ಮುಚ್ಕಂಡೆ."

"ಕುಷ್ಟಣ್ಣ? ದಿನಾ ಕರ್ದ್ ಕಾಣಿ ಅಂದಿದ್ನಲ್ಲ?"

"ಬೇರೆ ಬೋಟಿನವ್ರ್ ಮಾತ್ ಕೇಂತಿತ್ತಲೆ, ಸಾಕ್ ಅಂದ್ರ್."

ಬೆಳ್ಳಿ ಪೇಂಟು ಎಂದರೆ ಅಲ್ಯುಮಿನಿಯಂ ಪುಡಿ. ಕೋಲಿಗೆ ಲೋಹದ ಅಂಗಿ ತೊಡಿಸಿ ಬಾಯಿ ಕಟ್ಟಿದ ಹಾಗೆ. ಹತ್ತಿರದವರ ಗಟ್ಟಿ ದನಿ ಒಳಗೆ ಬರುತ್ತದೆ, ತಮ್ಮ ದನಿ ಹೊರಗೆ ಹೋಗುವುದಿಲ್ಲ. ಚಂದ ಕಾಣಲಿ ಎಂದು ಹೊಡೆಸಿದ ಬಣ್ಣಕ್ಕೆ ಒಬ್ಬನ ಎರಡು ಬೆರಳು ಹೋದವು, ಬೈಗುಳ ಚಂದ್ರಮತಿಗೆ ಬಿತ್ತು.

ಅವಳು ಚೀಲಕ್ಕೆ ಮೀಟರು, ಪಾನಾ ಹಾಕಿ, ಹೊಸ ಕೋಲೊಂದನ್ನು ಹೆಗಲ ಮೇಲೆ ಇಟ್ಟುಕೊಂಡು ಹೊರಟಳು. ಧಕ್ಕೆಯಲ್ಲಿ ಬೋಟಿಗೆ ಐಸು ತುಂಬುತ್ತಿದ್ದರು. ಪದ್ದು ಹಿಂದೆಯೇ ಓಡಿಬಂದು ಅವಳನ್ನು ಹತ್ತಿಸಲು ಸರಿ ಇದ್ದ ಎಡಗೈ ಚಾಚಿದ.

"ಕೈ ಬ್ಯಾಡ. ಚೀಲ ಹಿಡ್ಕೋ" ಎಂದಳು. ಸೀರೆ ಎತ್ತಿ ಕಟ್ಟಿ, ಒಂದೇ ಹೆಜ್ಜೆಗೆ ಬೋಟಿನ ಮೇಲಿದ್ದಳು. ಅಲ್ಲಿಂದ ಬಗ್ಗಿ ಚೀಲ ತೆಗೆದುಕೊಂಡಳು.

ಐಸು ತುಂಬುವವರು ಕೈ ನಿಲ್ಲಿಸಿದರು. ಗೋವರ್ಧನ ಓಡಿಬಂದ.

"ಹ್ವಾಯ್! ಇಳಿ! ಇಳಿ ಅಂದೆ! ಬೋಟ್ ಹಾಳಾಯ್ತ್!"

ಅವಳು ಆಗಲೇ ಮಾಡಿನ ಮೇಲಿದ್ದಳು. ಅಲ್ಲಿಂದಲೇ ಹೇಳಿದಳು, "ನಾನ್ ಹತ್ತದೆ ಇದ್ದದ್ದಕ್ಕೆ ಎಂತ ಒಳ್ಳೇದಾಯ್ತ್ ಧಣಿ? ಪದ್ದಿನ ಕೈ ಕಾಣಿ. ಕಂಡ್ ಮತ್ತೆ ಹೇಳಿ, ಇಳೀತೆ."

ಗೋವರ್ಧನ ಪದ್ದುವಿನ ಕಡೆ ತಿರುಗಿದ. ಪದ್ದು ಬ್ಯಾಂಡೇಜಿನ ಕೈ ಎತ್ತಿ ಹಿಡಿದುಕೊಂಡೇ ನಿಂತಿದ್ದ, ಇಳಿಸಲಿಲ್ಲ.

ಅವಳು ಸೆಟ್ಟಿಗೂ ಕೋಲಿಗೂ ನಡುವೆ ಮೀಟರು ಸಿಕ್ಕಿಸಿ, ಚುಕ್ಕಾಣಿ ಕೋಣೆಯಲ್ಲಿದ್ದ ಕುಷ್ಟನಿಗೆ ಗುಂಡಿಯನ್ನು ಒಂದೇ ಕ್ಷಣ ಒತ್ತಲು ಹೇಳಿದಳು. ತಿರುಗಿ ಬರುವ ಶಕ್ತಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಬಡಿಯಿತು. ಕುಷ್ಟ ಕಣ್ಣಾರೆ ಕಂಡ. ಅವಳು ಬೆಳ್ಳಿ ಕೋಲು ಬಿಚ್ಚಿ ಕೆಳಗಿಟ್ಟು ಬಿಳಿ ಕೋಲು ನಿಲ್ಲಿಸಿದಳು. ಈಗ ಮುಳ್ಳು ಅಲ್ಲಾಡಲಿಲ್ಲ. ಮೈಕು ಅವಳೇ ತೆಗೆದುಕೊಂಡು ಕರೆದಳು. ಎರಡನೇ ಕರೆಗೆ ದೂರದ ಕಡಲಿನಿಂದ ಉತ್ತರ ಬಂತು.

"ಯಾರ್ ಮಾರಾಯ್ರೆ ಅದ್? ಹೆಣ್ ದನಿ ಕೇಂತಿತ್ತಲೆ?"

"ಚಂದ್ರಮತಿ. ಗಂಗೊಳ್ಳಿ ಧಕ್ಕೆಯಿಂದ. ಹೇಂಗ್ ಕೇಂತಿತ್ತ್?"

"ಮನಿ ಜಗಲಿಯಂಗೆ ಕೂಕಂಡ್ ಮಾತಾಡ್ದಂಗೆ ಇತ್ತ್. ನೀನ್ ಬೋಟ್ ಹತ್ತಿದ್ಯಾ? ಧಣಿಗೆ ಜ್ವರ ಬಂತಾ?"

ಧಕ್ಕೆಯೆಲ್ಲ ನಕ್ಕಿತು. ಗೋವರ್ಧನ ಮಾತ್ರ ಅಂಗಿಯ ಕೈ ಸರಿ ಮಾಡಿಕೊಂಡ. "ಪೇಂಟ್ ಹೊಡ್ದದ್ದ್ ಪೇಂಟಿನವ" ಎಂದ. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ಪದ್ದುವಿಗೂ ಒಂದು ಮಾತು ಹೇಳಲಿಲ್ಲ. ಅವಳು ಇಳಿದ ಮೇಲೆ ಎಂಥ ಮಾಡಿದ ಗೊತ್ತೇ? ಭಟ್ಟರನ್ನು ಕರೆಸಿ, ಅವಳು ಕಾಲಿಟ್ಟ ಜಾಗಕ್ಕೆಲ್ಲ ನೀರು ಚಿಮುಕಿಸಿ, ಕಾಯಿ ಒಡೆಸಿದ. ಅವಳು ನಿಲ್ಲಿಸಿದ ಕೋಲು ಮಾತ್ರ ಹಾಗೆಯೇ ಇತ್ತು. ಅದನ್ನು ಬಿಚ್ಚುವ ಧೈರ್ಯ ಅವನಿಗೂ ಬರಲಿಲ್ಲ.

ಚಂದ್ರಮತಿ ಅದನ್ನೆಲ್ಲ ಐಸ್ ಪ್ಲಾಂಟಿನ ಬಾಗಿಲಲ್ಲಿ ನಿಂತು ನೋಡಿದಳು. ಅವತ್ತೇ ಒಂದು ತೀರ್ಮಾನ ಮಾಡಿದಳು. ಇನ್ನು ಮುಂದೆ ತಾನೇ ಹತ್ತಿ, ತಾನೇ ಕೂರಿಸಿ, ತಾನೇ ಮಾತಾಡಿ ನೋಡದೆ ಒಂದು ಸೆಟ್ಟನ್ನೂ ಕೊಡುವುದಿಲ್ಲ. ಸುಧಾಕರ ಹೆದರಿಸಿದ, "ಊಟಕ್ಕೆ ಎಂತ ಮಾಡ್ತೆ ಮಾರಾಯ್ತಿ?" ಎಂದು.

"ಗಂಜಿ ಕುಡೀತೆ. ಇನ್ನೊಬ್ಬನ ಬೆರಳ್ ತೆಗ್ಸುದಿಲ್ಲ."

ಆ ವರ್ಷ ಬಂದವರು ನಾಲ್ಕೇ ಬೋಟಿನವರು. ಉಳಿದವರು ದೂರದ ಊರುಗಳಿಂದ ಸೆಟ್ಟು ತಂದು ತಾವೇ ಸಿಕ್ಕಿಸಿಕೊಂಡರು. ಆಮೇಲೆ ಆ ನಾಲ್ಕು ಬೋಟುಗಳಿಗೂ ಮೀನು ಬಿದ್ದದ್ದು ಕಂಡು ಒಬ್ಬೊಬ್ಬರೇ ಬಂದರು. ಮೀನು ಬಿದ್ದದ್ದಕ್ಕೆ ಬಂದರು, ಬುದ್ಧಿ ಬಂದು ಬಂದದ್ದಲ್ಲ. ಈಗಲೂ ಅರ್ಧ ಜನ ಅವಳು ಹತ್ತುವಾಗ ಮುಖ ತಿರುಗಿಸುತ್ತಾರೆ. ಪದ್ದುವಿಗೆ ಬೋಟಿನಲ್ಲಿ ಕೆಲಸ ಕೊಡುವವರಿಲ್ಲ. ಅವನು ಈಗ ಚಂದ್ರಮತಿಯ ಜೊತೆಗಿದ್ದಾನೆ. ಎಂಟು ಬೆರಳಲ್ಲಿ ಅವನು ಕಟ್ಟಿದ ವಯರು ಮತ್ತೆ ಸಡಿಲವಾದದ್ದಿಲ್ಲ.

ಜುಲೈ ಕೊನೆಯಲ್ಲಿ ಗಂಗೊಳ್ಳಿಗೆ ಹೋಗಿ. ಕೋಣೆಗೆ ಬೀಗ ಇದ್ದರೆ ತಿರುಗಿ ಬರಬೇಡಿ, ಧಕ್ಕೆಗೆ ನಡೆದು ಬೋಟುಗಳ ಮಾಡಿನ ಮೇಲೆ ನೋಡಿ. ಸೀರೆ ಎತ್ತಿ ಕಟ್ಟಿ, ಬಾಯಲ್ಲಿ ಪಾನಾ ಕಚ್ಚಿಕೊಂಡು ನಿಂತವಳೇ ಚಂದ್ರಮತಿ. ಮಾತು ಕಡಿಮೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾಳೆ. ಬೋಟಿದ್ದವರು ನಿಮ್ಮ ಕೋಲು ತೋರಿಸಿ, ಅವಳನ್ನು ಕೈಮುಗಿದು ಹತ್ತಿಸಿಕೊಳ್ಳಿ. ಬೋಟಿಲ್ಲದವರು ಒಂದು ಗಳಿಗೆ ನಿಂತು ಮಾತಾಡಿಸಿ. ಇಷ್ಟು ವರ್ಷ ಅವಳನ್ನು ಕೆಳಗೆ ನಿಲ್ಲಿಸಿದ ಊರು ನಮ್ಮದು. ಹೋಗಿ ಬನ್ನಿ.