ಯಾವ ಕೂಸು ಯಾವ ದೇವರಿಗೆ

ಪರಶುರಾಂಪುರದ ಕೊಲ್ಲಾಪುರಮ್ಮನಿಗೆ ಅರವತ್ತೆಂಟು ದಾಟಿದೆ. ಕೂಲಿಗೆ ಹೋದ ಹೊಲದಲ್ಲಿ ಶೇಂಗಾ ಕೀಳುವುದಿರಲಿ, ಬೀದಿ ನಲ್ಲಿಯ ಮುಂದೆ ಜಗಳ ಕಾಯುವುದಿರಲಿ, ಅವಳು ತಡವರಿಸಿದ್ದನ್ನು ಊರು ಕಂಡಿಲ್ಲ. ಆದರೆ ದೇವರ ಗೂಡಿನಲ್ಲಿದ್ದ ಎರಡು ಮುಡಿಪುಗಳ ಮಾತು ಬಂದರೆ ಸಾಕು, ಹೆಂಗಸಿನ ತಲೆ ಗೊಂದಲದ ಗೂಡಾಗುತ್ತಿತ್ತು.

ಅವಳಿಗೆ ಅವಳಿ ಮಕ್ಕಳಾಗಿದ್ದವು, ಒಂದು ಗಂಡು, ಒಂದು ಹೆಣ್ಣು. ನಡೆಯಲು ಕಲಿತ ಹೊಸದರಲ್ಲಿ ಎರಡಕ್ಕೂ ಒಟ್ಟಿಗೇ ಜ್ವರ ಹತ್ತಿತು. ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, "ಕೂಸು ಉಳಿದರೆ ನಿನ್ನ ಬಾಗಿಲಿಗೆ ತಂದು ಒಪ್ಪಿಸ್ತೀನಿ" ಎಂದು ಹರಸಿಕೊಳ್ಳುವುದು ಆ ಸೀಮೆಯ ಪದ್ಧತಿ. ಎರಡು ಕೂಸುಗಳನ್ನೂ ಒಂದೇ ದೇವರ ಮೇಲೆ ಹೊರಿಸಿದರೆ ಭಾರವಾದೀತೆಂದು ಈ ಮಹಾತಾಯಿ ಲೆಕ್ಕ ಹಾಕಿದಳು. ಒಂದನ್ನು ಗೌರಸಮುದ್ರದ ಮಾರಮ್ಮನಿಗೆ, ಇನ್ನೊಂದನ್ನು ಬೆಟ್ಟದ ಮೇಲಿನ ಜಟಿಂಗ ರಾಮೇಶ್ವರನಿಗೆ ಒಪ್ಪಿಸಿ ಎರಡು ಗಂಟು ಕಟ್ಟಿದಳು. ಗಂಡು ಉಳಿಯಿತು, ಹೆಣ್ಣು ಹೋಯಿತು. ಆ ಸಂಕಟದಲ್ಲಿ ಯಾವ ಕೂಸನ್ನು ಯಾವ ದೇವರಿಗೆ ಒಪ್ಪಿಸಿದ್ದಳೆಂಬುದೇ ಮರೆತುಹೋಯಿತು. ಹೋದ ಕೂಸಿನ ಹೆಸರನ್ನು ಅಂದಿನಿಂದ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಫಲಿಸಿದ ಹರಕೆ ತೀರಿಸಬೇಕು, ಫಲಿಸದ ಗಂಟನ್ನು ಬಿಚ್ಚಿ ಮನೆಗೆ ಬಳಸಿದರೆ ತಪ್ಪಿಲ್ಲ ಎಂಬುದು ಹಿರಿಯರ ಮಾತು. ಹೇಳುವುದು ಸುಲಭ. ಗುರುತು ತಪ್ಪಿದರೆ ಮಗನನ್ನು ಉಳಿಸಿದ ದೇವರಿಗೆ ಕೈಕೊಟ್ಟು, ಮಗಳನ್ನು ಕಾಯದ ದೇವರಿಗೆ ಕಾಣಿಕೆ ಕೊಟ್ಟಂತಾಗುತ್ತದಲ್ಲ! ಹೀಗೆ ಹೆದರಿಕೊಂಡೇ ಅವಳು ಎರಡು ಕಡೆಗೂ ಹೋಗದೆ ಇಷ್ಟು ವರ್ಷ ದೂಡಿದ್ದಳು. ಈಗ ಮಂಡಿ ಸವೆದಿತ್ತು. ಈ ವರ್ಷ ಬೆಟ್ಟ ಹತ್ತದಿದ್ದರೆ ಇನ್ನು ಹತ್ತುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು.

"ಎರಡನ್ನೂ ಮಾರಮ್ಮನ ಹುಂಡಿಗೆ ಹಾಕಿ ಬರ್ರಿ ಅತ್ತೆ. ದೇವರು ದೇವರು ಹಂಚ್ಕೊಂತಾವೆ," ಎಂದಳು ಸೊಸೆ ನಿರ್ಮಲಾ.

"ಹಂಚ್ಕಳಕ್ಕೆ ಅದೇನು ನಿಮ್ಮಪ್ಪನ ಮನೆ ಹೊಲ ಏನೇ?" ಎಂದು ರೇಗಿ, ಕೊಲ್ಲಾಪುರಮ್ಮ ಎರಡೂ ಗಂಟನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ಜೊತೆಗೆ ಹೊರಟವಳು ಗಂಡನ ಅಕ್ಕ ಚಿಕ್ಕಕ್ಕ. ಹೆಸರಿಗೆ ಚಿಕ್ಕಕ್ಕ, ವಯಸ್ಸು ಎಂಬತ್ತರ ಹತ್ತಿರ. ಮುಡಿಪು ಕಟ್ಟುವಾಗ ಪಕ್ಕದಲ್ಲೇ ಇದ್ದವಳು. ಅದಕ್ಕೇ ಅವಳನ್ನು ನಂಬಿದ್ದು, ಅಲ್ಲೇ ಕೆಟ್ಟಿದ್ದು. ಚಳ್ಳಕೆರೆಯಲ್ಲಿ ಆಧಾರ್ ಕಾರ್ಡ್ ಹಿಡಿದು, ಪ್ರೈವೇಟ್ ಬಸ್ಸುಗಳನ್ನೆಲ್ಲ ಬೈದು ಕಳಿಸುತ್ತ ಸರ್ಕಾರಿ ಬಸ್ಸಿಗೆ ಕಾಯುವಾಗ ಚಿಕ್ಕಕ್ಕ ಹೇಳಿದಳು, "ಗಂಡು ಕೂಸನ್ನ ಗಂಡು ದೇವರಿಗೇ ಒಪ್ಪಿಸಿದ್ದು. ನಂಗೆ ಸರಿಯಾಗಿ ನೆನಪೈತೆ."

ಕೊಲ್ಲಾಪುರಮ್ಮನ ಎದೆ ಹಗುರಾಯಿತು. ಬಸ್ಸು ಬಿ.ಜಿ. ಕೆರೆ ಮುಟ್ಟುವಷ್ಟರಲ್ಲಿ ಚಿಕ್ಕಕ್ಕ ನಿದ್ದೆಯಿಂದ ಎದ್ದು, "ಅಲ್ಲ ಕಣೆ, ಗಂಡು ಕೂಸು ಮಾರಮ್ಮಂದೇ ಇರಬೇಕು. ನೀನಾಗ ಮಾರಮ್ಮಾ ಮಾರಮ್ಮಾ ಅಂತ ಒರಲ್ತಿದ್ದೆ," ಎಂದಳು.

"ಈಗ ಹೇಳ್ತೀಯಲ್ಲ ಅತ್ತಿಗೆ! ಇಳಿಯಾನೋ ಬ್ಯಾಡ್ವೋ?"

"ಬಂದಿದ್ದು ಬಂದೀವಿ, ಬೆಟ್ಟ ನೋಡ್ಕಂಡು ಹೋಗಾನ. ಫ್ರೀ ಐತೆ."

ಮೊಳಕಾಲ್ಮುರಿನಲ್ಲಿಳಿದು, ಆಟೋ ಹಿಡಿದು ಬೆಟ್ಟದ ಬುಡ ಸೇರಿದಾಗ ಬಿಸಿಲೇರಿತ್ತು. ಹೂ ಮಾರುವವಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಮೆಲ್ಲಗಾ ಪೋವ್ವಾ," ಎಂದು ತೆಲುಗಿನಲ್ಲಿ ಎಚ್ಚರಿಸಿದಳು. ಮೆಲ್ಲಗಲ್ಲದೆ ಓಡುವುದಕ್ಕೆ ಆಗುತ್ತದೆಯೇ? ಕೊಲ್ಲಾಪುರಮ್ಮ ಸೀರೆ ಎತ್ತಿ ಸಿಕ್ಕಿಸಿ, ಮೇಲಿನ ಮೆಟ್ಟಿಲಿಗೆ ಕೈಯೂರಿ, ಅಡ್ಡಡ್ಡ ಹತ್ತಿದಳು. ಚಿಕ್ಕಕ್ಕ ಮಾತ್ರ ಮೇಕೆಮರಿಯ ಹಾಗೆ ಮುಂದೆ ಮುಂದೆ ಹೋಗಿ, ನೆರಳು ಸಿಕ್ಕಲ್ಲಿ ಕೂತು, ಇವಳು ಬಂದು ಮುಟ್ಟಿದ ಕೂಡಲೇ ಎದ್ದುಬಿಡುತ್ತಿದ್ದಳು. ನಡುಬೆಟ್ಟದಲ್ಲಿ ಕೊಲ್ಲಾಪುರಮ್ಮನಿಗೆ ಅಳು ಬಂತು. ಮಂಡಿಯ ನೋವಿಗಲ್ಲ. ಯಾಕೆ ಹತ್ತುತ್ತಿದ್ದೇನೆ, ಯಾರಿಗಾಗಿ ಹತ್ತುತ್ತಿದ್ದೇನೆ ಎಂದು ತಿಳಿಯದೆ ಹತ್ತುವುದು ಅಷ್ಟು ಕಷ್ಟವಾಗಿತ್ತು.

ಕೊನೆಗೆ ಕೆಳಗೆ ಹಬ್ಬಿದ ಹೊಲಗಳನ್ನು ನೋಡುತ್ತ ಅವಳೇ ಒಂದು ತೀರ್ಮಾನಕ್ಕೆ ಬಂದಳು. ಮಗ ಗಂಗರಾಜು ಬದುಕಿದ್ದಾನೆ, ಟ್ರ್ಯಾಕ್ಟರ್ ಓಡಿಸಿ ಅನ್ನ ಹಾಕುತ್ತಿದ್ದಾನೆ. ಅವನ ಹೆಸರಲ್ಲಿ ಒಂದು ಗಂಟು ಇಲ್ಲಿಗೆ, ಇನ್ನೊಂದು ಮಾರಮ್ಮನಿಗೆ. ಎರಡು ಕಡೆಯೂ ಅವನ ಹೆಸರೇ ಹೇಳಿಬಿಟ್ಟರೆ ಯಾವ ದೇವರೂ ಮುನಿಯುವ ಹಾಗಿಲ್ಲ. ಇಷ್ಟು ಸಲೀಸಾದ ಉಪಾಯ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಉಳಿದ ಮೆಟ್ಟಿಲುಗಳನ್ನು ಗಂಗರಾಜು, ಗಂಗರಾಜು ಎಂದು ಬಾಯಲ್ಲಿ ಮಣಮಣ ಅನ್ನುತ್ತಲೇ ಹತ್ತಿದಳು.

ಗುಡಿಯೊಳಗೆ ತಣ್ಣಗಿತ್ತು. ಚೀಲಕ್ಕೆ ಕೈಹಾಕಿ ಸಿಕ್ಕ ಗಂಟನ್ನು ತಟ್ಟೆಗಿಟ್ಟಳು.

"ಯಾರ ಹೆಸರಿಗಮ್ಮ?" ಎಂದರು ಪೂಜಾರಿ.

"ಗಂಗಲಕ್ಷ್ಮಿ," ಎಂದಳು ಕೊಲ್ಲಾಪುರಮ್ಮ.

ಚಿಕ್ಕಕ್ಕ ಬೆಚ್ಚಿ ತಿರುಗಿದಳು. ಅಂದವಳಿಗೂ ತಾನೇಕೆ ಹಾಗೆಂದೆನೆಂದು ಗೊತ್ತಾಗಲಿಲ್ಲ. ಮಗುವನ್ನು ಮಣ್ಣು ಮಾಡಿದ ಮೇಲೆ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಪೂಜಾರಿಗೆ ಇದೆಲ್ಲ ಏನು ಗೊತ್ತು ಪಾಪ, ಗಂಗಲಕ್ಷ್ಮಿಗೆ ಆಯಸ್ಸು ಕೊಡಪ್ಪ, ಆರೋಗ್ಯ ಕೊಡಪ್ಪ ಎಂದು ಬಾಯಿತುಂಬ ಬೇಡಿದರು. ನಿಲ್ಲಿಸಿ ಸ್ವಾಮಿ ಎನ್ನಬೇಕೆಂದುಕೊಂಡರೂ ಕೊಲ್ಲಾಪುರಮ್ಮ ಕೈಮುಗಿದು ಕೇಳುತ್ತಲೇ ನಿಂತಳು. ತನ್ನ ಮಗಳಿಗಾಗಿ ಇನ್ನೊಬ್ಬರು ಬೇಡುವುದನ್ನು ಕೇಳಿ ಅವಳಿಗೆ ಸಂತೋಷವಾಗುತ್ತಿತ್ತು.

ಪೂಜಾರಿ ಹೂವು, ಕುಂಕುಮ ಕೊಟ್ಟು ಕೇಳಿದರು, "ಮಗಳಾ? ಜೊತೆಗೆ ಕರ್ಕಂಡು ಬರಬಾರದಿತ್ತೇನಮ್ಮ?"

ಕೊಲ್ಲಾಪುರಮ್ಮ ಸೆರಗಿನಲ್ಲಿ ಪ್ರಸಾದ ಹಿಡಿದುಕೊಂಡಳು.

"ಬಾಳ ಸಣ್ಣೋಳು ಸ್ವಾಮಿ," ಎಂದಳು. "ಇಷ್ಟೆತ್ತರ ಹತ್ತಕ್ಕೆ ಅವಳ ಕೈಲಾಗಲ್ಲ."