ಅರೆತೆರೆದ ಬಾಗಿಲಿಗೆ ಬೆನ್ನು ಮಾಡಿ ಕುಳಿತವರು

ವಾಣಿಜ್ಯ ಬ್ಯಾಂಕುಗಳಲ್ಲಿ ಠೇವಣಿ ತಂದವರಿಗೆ ಚಪ್ಪಾಳೆ ಬೀಳುತ್ತದೆ, ಸಾಲ ವಸೂಲು ಮಾಡಿದವರಿಗೆ ಬಡ್ತಿ ಸಿಗುತ್ತದೆ. ನೆಲಮಾಳಿಗೆಯ ಲಾಕರ್ ಕೋಣೆಯ ಮೆಟ್ಟಿಲನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿದವರ ಕಡೆಗೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಮೂವತ್ತೇಳು ವರ್ಷಗಳ ಸೇವೆಯಲ್ಲಿ ಹತ್ತೊಂಬತ್ತನ್ನು ಆ ಮೆಟ್ಟಿಲುಗಳಿಗೇ ಸಲ್ಲಿಸಿ, ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವ ನಮ್ಮ ‘ಕೀ ಮೇಡಂ’ ಅವರ ವಿಷಯದಲ್ಲಾದರೂ ಆ ಲೋಪ ಸರಿಹೋಗಲಿ ಎಂಬುದು ಈ ಲೇಖಕನ ಆಸೆ.

ಗುಮಾಸ್ತೆಯಾಗಿ ಸೇರಿದ ದಿನದಿಂದಲೂ ಮೇಡಂ ಅವರದು ತೀರದ ಕುತೂಹಲ. ಲಿಫ್ಟ್ ರಿಪೇರಿಗೆ ಬಂದವನನ್ನು ತಡೆದು, ಹಗ್ಗ ತುಂಡಾದರೂ ಪೆಟ್ಟಿಗೆ ಯಾಕೆ ಬೀಳುವುದಿಲ್ಲ ಎಂದು ಕೇಳುವರು. ಖಾತೆ ತೆರೆಯಲು ಬಂದ ದಂತವೈದ್ಯೆಯನ್ನು, ಬಾಯಿ ಅಗಲಿಸಿ ಕೂತವರ ಹತ್ತಿರವೇ ನೀವೆಲ್ಲ ಪ್ರಶ್ನೆ ಕೇಳುವುದೇಕೆ ಎಂದು ವಿಚಾರಿಸುವರು. ಆಕೆ ಪಾಪ, ಅರ್ಧ ಗಂಟೆ ಕೂತು ಉತ್ತರ ಹೇಳಿ ಹೋದರು. ಈ ಕುತೂಹಲವೇ ಗ್ರಾಹಕರ ಪಾಲಿಗೆ ಉಪಕಾರವಾಗಿ ತಿರುಗುತ್ತಿತ್ತು. ಮೂವತ್ತರ ಪ್ರಾಯದಲ್ಲಿ ಮೇಲಿನ ಸಾಲಿನ ಲಾಕರ್ ಹಿಡಿದವರಿಗೆ ಎಪ್ಪತ್ತರಲ್ಲಿ ತೋಳು ಮೇಲೇಳುವುದಿಲ್ಲ ಎಂಬುದನ್ನು ಕಂಡವರು ಅವರೇ. ಯಾರೂ ಬಾಯಿಬಿಟ್ಟು ಕೇಳುವ ಮೊದಲೇ ಅಂಥವರಿಗೆಲ್ಲ ಕಾಗದ ಬರೆದು, ಎದೆಮಟ್ಟದ ಸಾಲಿಗೆ ಬದಲಾಯಿಸಿಕೊಟ್ಟವರೂ ಅವರೇ. ಆದರೆ ಲಾಕರಿನ ಒಳಗೇನಿದೆ ಎಂಬ ಮಾತು ಬಂದರೆ ಮಾತ್ರ ಮೇಡಂ ತುಟಿ ಹೊಲಿದುಕೊಂಡುಬಿಡುತ್ತಿದ್ದರು.

ಈ ಲೇಖಕನ ಸ್ವಭಾವವೋ, ಪೂರಾ ಉಲ್ಟಾ. ಇಪ್ಪತ್ತೆರಡು ವರ್ಷಗಳ ಹಿಂದೆ, ಇನ್ನೂ ಕೆಲಸ ಕಾಯಂ ಆಗದ ಅಧಿಕಾರಿಯಾಗಿ ಮೇಡಂ ಇದ್ದ ಶಾಖೆಗೆ ಬಂದವನಿಗೆ, ಅಲ್ಲಿನ ಗ್ರಾಹಕರಾಗಿದ್ದ ಗಡಿಯಾರ ರಿಪೇರಿಯ ಯಜಮಾನರೊಬ್ಬರ ಲಾಕರ್ ನಿದ್ದೆಗೆಡಿಸಿತ್ತು. ತಿಂಗಳಿಗೊಮ್ಮೆ ಬರುವರು, ಬರಿಗೈಯಲ್ಲಿ ಇಳಿದು, ಮುಕ್ಕಾಲು ಗಂಟೆ ಒಳಗಿದ್ದು, ಬರಿಗೈಯಲ್ಲೇ ಹತ್ತುವರು. ಒಳಗಿನಿಂದ ಆಗಾಗ ನಗು ಕೇಳುತ್ತಿತ್ತು. ಒಬ್ಬನೇ ಮನುಷ್ಯ ಕಬ್ಬಿಣದ ಡಬ್ಬಿಯ ಮುಂದೆ ಕೂತು ನಗುವಂಥದ್ದು ಏನಿರಬಹುದು? ಹಳೆಯ ಪ್ರೇಮಪತ್ರ ಎಂದು ಟೈಪಿಸ್ಟ್ ಹೇಳಿದರೆ, ನಗುವಂತಿದ್ದರೆ ಅದು ಪ್ರೇಮಪತ್ರವೇ ಅಲ್ಲ, ಮದುವೆಯ ಫೋಟೋ ಎಂದು ಕ್ಯಾಷಿಯರ್ ಹೇಳುತ್ತಿದ್ದರು.

ಒಮ್ಮೆ ಮೇಡಂ ಬೇರೆ ಕೆಲಸದಲ್ಲಿದ್ದುದರಿಂದ ಲಾಕರ್ ಕೋಣೆಯ ಹೊಣೆ ಈ ಲೇಖಕನ ಹೆಗಲಿಗೆ ಬಿತ್ತು. ಯಜಮಾನರು ಬಂದು ಹೋದರು. ಸಾಲು ಸಾಲು ಬಾಗಿಲುಗಳ ಮೇಲೆ ಕಣ್ಣಾಡಿಸಿ, ಎಲ್ಲ ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿದ್ದಾಯಿತು. ಮಧ್ಯಾಹ್ನ ಮೂರಕ್ಕೆ ಮೇಡಂ ಕೆಳಗಿಳಿದು ಬಂದವರೇ ಯಜಮಾನರ ಲಾಕರಿನ ಮೇಲೆ ಬೆರಳಿಟ್ಟರು, ಬಾಗಿಲು ಅಲುಗಿತು. ಬಾಗಿಲು ಚೌಕಟ್ಟಿಗೆ ಸೇರುವ ಮೊದಲೇ ಯಜಮಾನರು ಕೀಲಿ ತಿರುಗಿಸಿದ್ದರು. ಬೀಗದ ನಾಲಿಗೆ ಹೊರಬಂದಿತ್ತು, ಬಾಗಿಲು ಬೆರಳಗಲ ತೆರೆದೇ ಇತ್ತು. ಅವರ ಕೀಲಿಯಿಲ್ಲದೆ ಅದನ್ನು ಮುಚ್ಚುವಂತೆಯೂ ಇರಲಿಲ್ಲ.

ಅದಕ್ಕೆ ಹಿಂದಿನ ತಿಂಗಳಷ್ಟೇ ಒಬ್ಬರ ಚೆಕ್ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟ ಮಹಾಶಯ ಈ ಲೇಖಕ. ಇನ್ನೊಂದು ದೂರು ಬಂದರೆ ಮನೆಯ ದಾರಿ ಹಿಡಿಯಬೇಕೆಂದು ಲಿಖಿತ ಎಚ್ಚರಿಕೆ ಬಂದಿತ್ತು.

ಯಜಮಾನರನ್ನು ಕರೆತರಲು ಮೇಡಂ ಆಳು ಕಳುಹಿಸಿದರು. ಎರಡು ಕುರ್ಚಿ ತರಿಸಿ, ಲಾಕರಿಗೆ ಬೆನ್ನು ಮಾಡಿ ಹಾಕಿಸಿ, ಒಂದರಲ್ಲಿ ತಾವು ಕುಳಿತು, ಇನ್ನೊಂದನ್ನು ತೋರಿಸಿದರು.

“ಒಂದ್ಸಲ ನೋಡಿ, ಎಲ್ಲಾ ಇದೆಯಾ ಅಂತ ಖಾತ್ರಿ ಮಾಡ್ಕೊಂಡ್ಬಿಡೋಣ ಮೇಡಂ,” ಎಂದ ಈ ಲೇಖಕ. ಸುಳ್ಳೇಕೆ, ಭಯದ ಜೊತೆ ಆಸೆಯೂ ಇತ್ತು.

“ಏನಿತ್ತು ಅಂತ ಗೊತ್ತಿಲ್ದೋರು ಏನಿದೆ ಅಂತ ನೋಡಿ ಯಾವ ಖಾತ್ರಿ ಮಾಡ್ಕೊತೀರಿ? ಕೂತ್ಕೊಳ್ಳಿ.”

ಎರಡು ಗಂಟೆ ಇಬ್ಬರೂ ಎದುರಿನ ಬಿಳಿ ಗೋಡೆ ನೋಡುತ್ತ ಕುಳಿತರು. ಈತ ಕಾಲು ಬದಲಿಸಿದಾಗಲೆಲ್ಲ ಮೇಡಂ ಓರೆಗಣ್ಣಿನಿಂದ ನೋಡುತ್ತಿದ್ದರು. ಇವನೆಲ್ಲಿ ಕದ್ದು ನೋಡಿಬಿಡುತ್ತಾನೋ ಎಂದು ತನ್ನನ್ನು ಕಾಯುತ್ತಿದ್ದಾರೆಂದು ಈತನಿಗೆ ಅವಮಾನವೂ ಆಯಿತು.

ಐದಕ್ಕೆ ಯಜಮಾನರು ಏದುಸಿರು ಬಿಡುತ್ತ ಬಂದರು. ಇಬ್ಬರೂ ಹೊರಗೆ ನಿಂತರು. ಒಳಗೆ ಹೋಗಿ ನೋಡಿ, ಬೀಗ ಹಾಕಿ ಬಂದವರು, “ಎಲ್ಲಾ ಇದೆ. ನೀವೇನಾದ್ರೂ ನೋಡಿದ್ರಾ?” ಎಂದು ಕೇಳಿದರು.

“ಇಲ್ಲ,” ಎಂದ ಮೇಡಂ, ದೂರು ಪುಸ್ತಕವನ್ನು ತಾವೇ ತೆರೆದು ಅವರ ಮುಂದಿಟ್ಟರು. “ತಪ್ಪು ನಮ್ದು. ಬರೆಯೋ ಹಕ್ಕು ನಿಮ್ಗಿದೆ.”

ಯಜಮಾನರು ಪೆನ್ನು ಹಿಡಿದು, ಗೋಡೆಗೆ ಮುಖ ಮಾಡಿದ್ದ ಆ ಕುರ್ಚಿಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, “ಬೀಗ ಸರಿಯಾಗಿ ಹಾಕ್ದೆ ಹೋದೋನು ನಾನೂ ಹೌದಲ್ವಾ,” ಎಂದು ಹೊರಟರು.

ಅಷ್ಟಕ್ಕೇ ಬಿಡುವವರಲ್ಲ ಮೇಡಂ. ನಡೆದದ್ದನ್ನೆಲ್ಲ ಮೇಲಿನವರಿಗೆ ವರದಿ ಮಾಡಿದರು. ಕೊನೆಯ ಸಾಲು ಹೀಗಿತ್ತು: ಪ್ರತಿ ಬಾಗಿಲನ್ನೂ ಬೆರಳಿಂದ ಒತ್ತಿ ನೋಡಬೇಕೆಂದು ಇವರಿಗೆ ಹೇಳಿಕೊಡಬೇಕಾದವಳು ನಾನು, ಹೇಳಿಕೊಟ್ಟಿರಲಿಲ್ಲ. ಅದು ನಿಜವೇ ಆಗಿತ್ತು. ಆದರೆ ಅಂಥ ನಿಜವನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕುವ ಮೇಲಧಿಕಾರಿಗಳು ಎಷ್ಟು ಜನ ಸಿಕ್ಕಾರು? ಕೆಲಸ ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು, ಕೆಲಸ ಉಳಿಯಿತು. ಮೇಡಂ ಅವರ ಆ ವರ್ಷದ ಬಡ್ತಿ ತಪ್ಪಿತು. ಅದನ್ನು ಅವರು ಇಂದಿನವರೆಗೂ ಎತ್ತಿ ಆಡಿದ್ದಿಲ್ಲ.

ಕಳೆದ ವಾರ, ಈಗ ಅದೇ ಶಾಖೆಯ ಮುಖ್ಯಸ್ಥನಾಗಿರುವ ಈ ಲೇಖಕ, ಎಷ್ಟೋ ವರ್ಷಗಳಿಂದ ಗಂಟಲಲ್ಲಿದ್ದುದನ್ನು ಕೇಳಿಯೇಬಿಟ್ಟ. “ಮೇಡಂ, ಅವತ್ತು ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ? ಪಕ್ಕದಲ್ಲೇ ಕೂರಿಸ್ಕೊಂಡು ಕಾದ್ರಲ್ಲ.”

ಮೇಡಂ ಕನ್ನಡಕ ತೆಗೆದು ನಕ್ಕರು. “ಅಯ್ಯೋ, ನಿಮ್ಮನ್ನ ಕಾಯೋಕಲ್ಲ ಕಣ್ರೀ. ಆ ನಗು ಯಾತಕ್ಕೆ ಅಂತ ಆರು ವರ್ಷದಿಂದ ನನ್ನ ತಲೆ ತಿಂತಾ ಇತ್ತು. ಒಬ್ಳೇ ಕೂತಿದ್ರೆ ಖಂಡಿತ ತಿರುಗ್ತಿದ್ದೆ. ನನ್ನ ಕಾಯೋಕೆ ಒಬ್ರು ಬೇಕಿತ್ತು.”

ಹೊಸಬರಿಗೆ ತರಬೇತಿ ಕೊಡಲು ವಾರಕ್ಕೆರಡು ದಿನ ಬರುವುದಾಗಿ ಮೇಡಂ ಒಪ್ಪಿದ್ದಾರೆ; ಅದು ಬ್ಯಾಂಕಿನ ಭಾಗ್ಯ. ಉಳಿದ ಐದು ದಿನಗಳು ಅವರವೇ. ಗಟ್ಟಿ ಮೊಣಕಾಲು, ಚುರುಕು ಕಣ್ಣು, ನೂರು ತುಂಬುವಷ್ಟು ಆಯುಸ್ಸು ಅವರಿಗಿರಲಿ. ಮೂವತ್ತೇಳು ವರ್ಷ ನಮ್ಮೆಲ್ಲರಿಗಾಗಿ ಗೋಡೆ ನೋಡುತ್ತ ಕುಳಿತ ಈ ಹಿರಿಯಕ್ಕ, ಇನ್ನಾದರೂ ಮನಸ್ಸು ಬಂದ ಕಡೆಗೆಲ್ಲ ತಿರುಗಿ ನೋಡಲಿ.