'ಹಳೇದು' ಅನ್ನೋ ಫೋಲ್ಡರ್

ನಮ್ಮಜ್ಜಿ ಫೋಟೋಗೆ ಇವತ್ತು ಹಾರ ಬಿತ್ತು ಕಣ್ರಪ್ಪಾ. ಅಜ್ಜಿಗೇನೂ ಆಗಿಲ್ಲ, ಇಲ್ಲೇ ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸ್ತಿದಾರೆ.

ಮಕ್ಕಳಿಗೆ ನೆಂಟರ ಮುಖ ಗೊತ್ತಾಗ್ಲಿ ಅಂತ ಮನೆಯವರ ಫೋಟೋ ಹಾಕಿ ಇಸ್ಪೀಟ್ ಥರ ಆಟದ ಕಾರ್ಡ್ ಮಾಡ್ತಿದೀನಿ. ಆಲ್ಬಮ್ಮಿಂದ ಸ್ಕ್ಯಾನ್ ಮಾಡಿದ್ದನ್ನ 'ಹಳೇದು' ಅನ್ನೋ ಫೋಲ್ಡರಿಗೆ, ಮೊಬೈಲಲ್ಲಿ ತೆಗೆದಿದ್ದನ್ನ 'ಹೊಸದು' ಅನ್ನೋ ಫೋಲ್ಡರಿಗೆ ಹಾಕಿ, ಎಲ್ಲಾನೂ ಒಂದೇ ಅಳತೆಗೆ ತಂದು, ಪೆನ್‌ಡ್ರೈವನ್ನ ಮತ್ತಿಕೆರೆಯ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. "ಹಳೇವು ಮಂಕಾಗಿವೆ, ಸ್ವಲ್ಪ ಸರಿ ಮಾಡಿ ಪ್ರಿಂಟ್ ಹಾಕಿ" ಅಂದಿದ್ದೆ, ಅಷ್ಟೇ.

ಇವತ್ತು ಕವರ್ ಬಿಚ್ಚಿದ್ರೆ 'ಹಳೇದು' ಫೋಲ್ಡರಿನ ಹದಿನೆಂಟು ಜನಕ್ಕೂ ಗಂಧದ ಹಾರ, ತಲೆ ಹಿಂದೆ ಪ್ರಭಾವಳಿ. ಅವರಲ್ಲಿ ಏಳು ಜನ ಇನ್ನೂ ಓಡಾಡ್ಕೊಂಡಿದಾರೆ. ನಮ್ಮ ಮಾವ ಹೋದ ವಾರ ಹೊಸ ಸ್ಕೂಟರ್ ತಗೊಂಡಿದಾರೆ.

ಫೋನ್ ಮಾಡ್ದೆ. ಸ್ಟುಡಿಯೋದವರು ತಣ್ಣಗೆ ಹೇಳಿದ್ರು, "ಹಳೇ ಫೋಟೋ ಸರಿ ಮಾಡ್ಸೋಕೆ ಎಲ್ಲರೂ ಬರೋದು ತಿಥಿಗೇ ಅಲ್ವಾ ಮೇಡಂ? ಹಾರ ನಾವೇ ಫ್ರೀಯಾಗಿ ಹಾಕಿದೀವಿ."

ಫೋನ್ ಇಟ್ಟೆ. ಅಷ್ಟರಲ್ಲಿ ಅಜ್ಜಿ ಕಾರ್ಡ್ ಕಟ್ಟು ಎತ್ಕೊಂಡು ಒಂದೊಂದೇ ನೋಡ್ತಿದ್ರು. ತಮ್ಮ ಹಾರಾನೂ ನೋಡ್ಕೊಂಡ್ರು. ಆಮೇಲೆ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿರೋ ವಾರಗಿತ್ತಿ ಕಾರ್ಡ್ ಸಿಕ್ತು. ಅದು 'ಹೊಸದು' ಫೋಲ್ಡರಿಂದು, ಹಾರ ಇಲ್ಲ.

ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ಕೇಳಿದ್ರು, "ಇವಳಿಗ್ಯಾಕೆ ಹಾಕಿಲ್ಲ?"

ನಾಳೆ ಸ್ಟುಡಿಯೋಗೆ ಹೋಗ್ಬೇಕು. ಹಾರ ತೆಗೆಸೋಕೋ ಹಾಕ್ಸೋಕೋ ಅಂತ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ.